ಹಗಲು ಹೇಳಿದ ಕಥೆ

ನಮ್ಮಪ್ಪನ ಹೆಣ ತೊಳೆದ ನೀರನ್ನು ನಮ್ಮವ್ವನಿಗೆ ಕುಡಿಸಲು ತುಂಬಿಟ್ಟಿದ್ದ ಬೋಗುಣಿ ಈಗಲೂ ನನ್ನ ಹಿತ್ತಲಲ್ಲಿದೆ. ಬಿಳಿ ಬಣ್ಣದ ತಗಡಿನ ಬೋಗುಣಿ. ಅಂಚಿಗೆ ನೀಲಿ ಗೆರೆ. ಅದರಲ್ಲಿ ಕೋಳಿಗಳಿಗೆ ನೀರಿಡುತ್ತೇನೆ. ಮನೆಗೆ ಬಂದವರು ಕೇಳುತ್ತಾರೆ, ಅಕುಡೋ, ಈ ತುಕ್ಕು ಹಿಡಿದದ್ದನ್ನು ಯಾಕೆ ಇಟ್ಟುಕೊಂಡಿದ್ದೀಯ, ಬಿಸಾಕಬಾರದಾ ಎಂದು. ಬಿಸಾಕುವುದಿಲ್ಲ. ನಾನು ಸತ್ತ ಮೇಲೂ ಅದು ಇಲ್ಲೇ ಬಿದ್ದಿರಲಿ.

ಅಪ್ಪನ ಹೆಸರು ಓಪಾರಾ. ಎಣ್ಣೆ ತಾಳೆ ಮರದಿಂದ ಬಿದ್ದು ಸತ್ತ. ಮರವನ್ನೂ ಸೊಂಟವನ್ನೂ ಸೇರಿಸಿ ಬಳಸಿಕೊಂಡು ಹತ್ತುವ ಹಗ್ಗ ಮೇಲೆ, ಗೊನೆಯ ಹತ್ತಿರ ತುಂಡಾಯಿತು. ನಾನೂ ಅವ್ವನೂ ಕೆಳಗೆ ಗೊನೆ ಹೊರಲು ಕಾದು ನಿಂತಿದ್ದೆವು. ಅವನು ಬಿದ್ದ ಸದ್ದು ಗೊನೆ ಬಿದ್ದ ಹಾಗೇ ಇತ್ತು. ಅವ್ವ ಗೊನೆಯೇ ಬಿತ್ತೆಂದು ಬುಟ್ಟಿ ಹಿಡಿದು ಓಡಿದಳು.

ನಮ್ಮಲ್ಲಿ ಮರ ಹತ್ತುವುದು ಗಂಡಸರ ಕೆಲಸ. ಅಲ್ಲಿಂದ ಮುಂದಿನದೆಲ್ಲ ಹೆಂಗಸರದು. ಗೊನೆ ಹೊರುವುದು, ಹಣ್ಣು ಬಿಡಿಸುವುದು, ಬೇಯಿಸುವುದು, ತುಳಿಯುವುದು, ಹಿಂಡುವುದು. ಮೊಣಕಾಲವರೆಗೆ ಕೆಂಪು ಎಣ್ಣೆ. ಉಗುರು ಸಂದಿಯಲ್ಲಿ ನಾರು. ಹಿಂಡಿದ ಎಣ್ಣೆ ಗಂಡಸರದು. ಉಳಿದ ಗೊರಟು ಹೆಂಗಸರದು. ಆ ಗೊರಟನ್ನು ಒಂದೊಂದಾಗಿ ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಿನಿಂದ ಕುಟ್ಟಿ, ಒಳಗಿನ ಬೀಜ ತೆಗೆದು ಮಾರಿದರೆ ಬಂದಷ್ಟು ನಿಮ್ಮದು ಎಂದು ನಮಗೆ ಬಿಟ್ಟುಕೊಟ್ಟಿದ್ದರು. ಏನು ದೊಡ್ಡ ಮನಸ್ಸು! ನಮ್ಮ ಮನೆಯ ತಗಡಿನ ಸೂರು ಆ ಬೀಜದಿಂದಲೇ ಎದ್ದದ್ದು. ಊರವರ ಬಾಯಲ್ಲಿ ಮಾತ್ರ ಅದು ಓಪಾರಾ ಕಟ್ಟಿಸಿದ ಮನೆ.

ಅಪ್ಪನ ತಾಯಿ, ನಮ್ಮಜ್ಜಿ ಅಹುನ್ನ, ಬುದ್ಧಿ ಬಂದಾಗಿನಿಂದ ಗೊರಟು ಒಡೆದವಳು. ಅವಳ ಎಡಗೈ ಹೆಬ್ಬೆಟ್ಟಿಗೆ ಉಗುರೇ ಇರಲಿಲ್ಲ. ಕಲ್ಲಿನ ಏಟು ತಿಂದೂ ತಿಂದೂ ಅದು ಚಪ್ಪಟೆಯಾಗಿತ್ತು. ಸಂಜೆಯಾದರೆ ಒಲೆಯ ಹತ್ತಿರ ಕೂತು ಒಡೆಯುತ್ತಾ ಕಥೆ ಹೇಳುತ್ತಿದ್ದಳು. ಮೊದಲು ಎರಡು ಕಲ್ಲನ್ನು ಟಕ್ ಟಕ್ ಎಂದು ಬಡಿಯುತ್ತಿದ್ದಳು.

"ನನ್ನತ್ರ ಒಂದು ಕಥೆ ಐತೆ."

"ಹೇಳವ್ವ, ನಮ್ಮೆದೆ ತಣೀಲಿ!" ಎಂದು ನಾವೆಲ್ಲ ಕೂಗಬೇಕು.

ಯಾರೂ ಓಗೊಡದಿದ್ದರೆ ಕಥೆ ಹೇಳುವಂತಿಲ್ಲ. ಒಬ್ಬರು ಓಗೊಟ್ಟರೂ ಸಾಕು, ಆಮೇಲೆ ಕಥೆಯನ್ನು ನಡುವೆ ಕತ್ತರಿಸುವಂತಿಲ್ಲ, ಯಾರೇ ಬಂದರೂ, ಏನೇ ಆದರೂ. ಕತ್ತರಿಸಿದವರ ಮನೆಗೆ ಅರೆಬರೆ ಕಥೆ ಹೋಗಿ ಕೂರುತ್ತದೆ, ಹೋಗು ಎಂದರೂ ಹೋಗುವುದಿಲ್ಲ ಎಂದು ನಮ್ಮವರ ನಂಬಿಕೆ. ಇನ್ನೊಂದು ಕಟ್ಟಳೆ ಇದಕ್ಕಿಂತ ಬಿಗಿ. ಹಗಲು ಹೊತ್ತು ಕಥೆ ಹೇಳಬಾರದು. ಹೇಳಿದವಳ ಮಕ್ಕಳು ಸಾಯುತ್ತಾರೆ.

ಅಜ್ಜಿಯ ಕಥೆಗಳಲ್ಲಿ ಆಮೆ ಎಲ್ಲರಿಗೂ ಮೋಸ ಮಾಡಿ ಗೆಲ್ಲುತ್ತಿತ್ತು. ಆಮೆಗೆ ಹೆಂಡತಿ ಇದ್ದಳು. ಅಡುಗೆ ಮಾಡುತ್ತಿದ್ದಳು, ಬೈಗುಳ ತಿನ್ನುತ್ತಿದ್ದಳು, ಕೆಲವು ಕಥೆಗಳಲ್ಲಿ ಸಾಯುತ್ತಿದ್ದಳು.

"ಅಜ್ಜೀ, ಆಮೆ ಹೆಂಡ್ತಿ ಹೆಸರೇನು?" ಎಂದು ನಾನೊಮ್ಮೆ ಕೇಳಿದೆ.

"ಹೆಂಡ್ತಿಗ್ಯಾಕೆ ಹೆಸರು? ಕುಟ್ಟು ಬಾಯ್ಮುಚ್ಕೊಂಡು," ಎಂದಳು.

ಹಾಗೆ ಹೇಳಿದವಳೇ ಆಮೇಲೆ ಬಹಳ ಹೊತ್ತು ಕಲ್ಲು ಎತ್ತಲಿಲ್ಲ.

*

ಅಪ್ಪನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದರು. ಅವ್ವ ಉಲೋಮಾಳನ್ನು ಹಿಂದಿನ ಕೋಣೆಯ ಬರಿ ನೆಲಕ್ಕೆ ಕೂರಿಸಿದರು. ಸ್ನಾನ ಇಲ್ಲ. ಒಡೆದ ತಟ್ಟೆಯಲ್ಲಿ ಊಟ. ಕೈಯಿಂದ ತನ್ನ ಮೈಯನ್ನೇ ತಾನು ಮುಟ್ಟಿಕೊಳ್ಳುವಂತಿಲ್ಲ, ಬೇರೆಯವರೂ ಅವಳನ್ನು ಮುಟ್ಟುವಂತಿಲ್ಲ. ಮೈ ಕೆರೆದುಕೊಳ್ಳಲು ಒಂದು ಕಡ್ಡಿ ಕೊಟ್ಟಿದ್ದರು. ಯಾರೊಡನೆಯೂ ಮಾತಾಡುವಂತಿಲ್ಲ. ಕೋಳಿ ಕೂಗಿದ ಕೂಡಲೇ ಎದ್ದು ಊರಿಗೆ ಕೇಳುವಂತೆ ಅಳಬೇಕು.

ಅಳು ಸಾಲದೆ ಹೋದರೆ ಅತ್ತೆ ಅದಾನ್ಮಾ ಅಂಗಳದಿಂದಲೇ ಕೂಗುತ್ತಿದ್ದಳು. "ಕೇಳಿಸ್ತಿಲ್ಲ ಉಲೋಮಾ! ನಮ್ಮ ತಮ್ಮನ್ನ ತಿಂದು ತೇಗಿದ್ದೀಯ, ಅಳಾಕೂ ಸೋಮಾರಿತನವಾ?"

ಅದಾನ್ಮಾ ಅಜ್ಜಿಯ ಹಿರಿ ಮಗಳು, ಅಪ್ಪನ ಅಕ್ಕ. ದೂರದೂರಿಗೆ ಮದುವೆಯಾಗಿ ಹೋದವಳು. ನಮ್ಮಲ್ಲಿ ಕುಲದಲ್ಲಿ ಹುಟ್ಟಿ ಹೊರಗೆ ಹೋದ ಹೆಣ್ಣುಮಕ್ಕಳಿಗೆ ಉಮುಅಡಾ ಎನ್ನುತ್ತಾರೆ. ಸಾವಾದರೆ ಅವರೆಲ್ಲ ಒಟ್ಟಾಗಿ ತವರಿಗೆ ಬಂದು ಇಳಿಯುತ್ತಾರೆ. ಗಂಡಸರೂ ಅವರಿಗೆ ಹೆದರುತ್ತಾರೆ. ಸೊಸೆಯಂದಿರ ಗತಿಯಂತೂ ಕೇಳಬೇಡಿ. ಆ ಗುಂಪಿಗೆಲ್ಲ ಅತ್ತೆಯೇ ಯಜಮಾನಿ. ಗಂಡನ ಮನೆಯಲ್ಲಿ ತಾವು ಪಟ್ಟ ಪಾಡನ್ನೆಲ್ಲ ತವರಿನ ಸೊಸೆಯ ಮೇಲೆ ತೀರಿಸಿಕೊಳ್ಳುವುದು. ಇದಕ್ಕೆ ಸಂಪ್ರದಾಯ ಎಂದು ಹೆಸರು. ಇದನ್ನು ಯಾವ ಗಂಡಸು ಕಂಡುಹಿಡಿದನೋ, ಅವನ ಬುದ್ಧಿಗೆ ಬೆಂಕಿ ಬೀಳಲಿ.

ಮಾತು ಎತ್ತಿದವನು ಚಿಕ್ಕಪ್ಪ ಅನೋಜಿ. ಅಜ್ಜಿಯ ಕಿರಿ ಮಗ. ಹಿರಿಯರ ಮುಂದೆ ನಿಂತು ಟೋಪಿ ತೆಗೆದು ಹೇಳಿದ.

"ನಮ್ಮಣ್ಣ ಹುಟ್ಟಿದಾಗಿಂದ ಮರ ಹತ್ತಿದವನು. ಸುಮ್ನೆ ಬೀಳೋನಲ್ಲ. ಅವನ ಹೆಂಡ್ತಿ ಹಗ್ಗ ದಾಟಿದ್ದಾಳೆ. ನಾನು ಕಣ್ಣಾರೆ ನೋಡಿದ್ದೀನಿ."

ಮರ ಹತ್ತುವ ಹಗ್ಗವನ್ನು ಹೆಂಗಸರು ಮುಟ್ಟಬಾರದು, ದಾಟಬಾರದು. ದಾಟಿದರೆ ಗಂಡ ಬೀಳುತ್ತಾನೆ. ಎಲ್ಲರಿಗೂ ಗೊತ್ತಿದ್ದ ವಿಷಯ. ಅವ್ವ ಹಗ್ಗದ ಹತ್ತಿರ ಸುಳಿದವಳಲ್ಲ. ಗುಡಿಸುವಾಗ ಕೂಡ ಆ ಮೂಲೆ ಬಿಟ್ಟು ಗುಡಿಸುತ್ತಿದ್ದಳು. ಆದರೆ ಅವ್ವನಿಗೆ ಮಾತಾಡುವ ಹಾಗಿರಲಿಲ್ಲ.

"ತಪ್ಪಿಲ್ದೆ ಇದ್ರೆ ಹೆಣ ತೊಳೆದ ನೀರು ಕುಡೀಲಿ," ಎಂದರು ಹಿರಿಯರಲ್ಲಿ ಹಿರಿಯರು, ಕಳ್ಳಿನ ನೊರೆ ಒರೆಸಿಕೊಳ್ಳುತ್ತಾ. "ತಪ್ಪು ಮಾಡ್ದೋರಿಗೆ ತಾನೇ ಭಯ?"

ಚರ್ಚಿನ ಉಪದೇಶಿಗಳೂ ಅಲ್ಲೇ ಇದ್ದರು. ತಮ್ಮ ಬೈಕಿನ ಕನ್ನಡಿ ಒರೆಸುತ್ತಿದ್ದರು. ಅದು ಬಹಳ ಕೊಳೆಯಾಗಿತ್ತೆಂದು ಕಾಣುತ್ತದೆ.

ಕುಡಿದರೆ ಕರಿ ಬಟ್ಟೆ ಉಟ್ಟು ಈ ಮನೆಯಲ್ಲೇ ಇರಬಹುದು. ಕುಡಿಯದಿದ್ದರೆ ಗಂಡನ ಕೊಂದವಳು. ಉಟ್ಟ ಬಟ್ಟೆಯಲ್ಲಿ ಊರು ಬಿಡಬೇಕು. ನನ್ನನ್ನು ಕರೆದುಕೊಂಡು ಹೋಗುವಂತಿಲ್ಲ, ಯಾಕೆಂದರೆ ಮಗಳು ಕುಲದವಳು. ನಾನು ಚಿಕ್ಕಪ್ಪನ ಕೈಗೆ. ನನಗಾಗಲೇ ಎದೆ ಬಂದಿತ್ತು. ಚಿಕ್ಕಪ್ಪ ನನ್ನನ್ನು ಯಾರಿಗೆ ಕೊಡುವುದೆಂದು ಆಗಲೇ ಲಾರಿ ಮಾಲೀಕನೊಬ್ಬನ ಜೊತೆ ಮಾತಾಡಿದ್ದ.

ಪಕ್ಕದ ಊರಲ್ಲಿ ಒಬ್ಬಳು ಕುಡಿದಿದ್ದಳು. ವಾಂತಿ ಭೇದಿ ಹತ್ತಿ ವಾರದೊಳಗೆ ಸತ್ತಳು. ನೋಡಿದಿರಾ, ತಪ್ಪಿತಸ್ಥೆಯೇ, ಎಂದು ಜನ ತಲೆಯಾಡಿಸಿದರು. ಕುಡಿದು ಸತ್ತರೂ ತಪ್ಪು, ಕುಡಿಯದಿದ್ದರೂ ತಪ್ಪು. ನಮ್ಮೂರ ನ್ಯಾಯ ಅಂದರೆ ಇದು.

ನಾನು ಕದ್ದು ಹಿಂದಿನ ಕೋಣೆಗೆ ಹೋದೆ. ಅವ್ವನ ತುಟಿ ಒಡೆದಿತ್ತು. ಮೈಯಿಂದ ವಾಸನೆ ಬರುತ್ತಿತ್ತು. ಪಿಸುಮಾತಿನಲ್ಲಿ ಹೇಳಿದಳು.

"ಕುಡೀತೀನಿ ಕಣೇ."

"ಬ್ಯಾಡವ್ವ. ಸಾಯ್ತೀಯ."

"ನಿನ್ನ ಬಿಟ್ಟು ಹೋಗೋದೂ ಸಾಯೋದೇ. ಕುಡಿದ್ರೆ ಬದುಕಿದ್ರೂ ಬದುಕ್ಬೋದು. ಹೋಗು, ಯಾರಾದ್ರೂ ನೋಡ್ತಾರೆ."

ಅವಳ ಕೈಯಲ್ಲಿ ಆ ಕಡ್ಡಿ ಇತ್ತು. ಅದರಿಂದಲೇ ನನ್ನ ಕೆನ್ನೆ ಸವರಿದಳು. ಕೈಯಿಂದ ಮುಟ್ಟಲು ನನ್ನವ್ವನಿಗೆ ಧೈರ್ಯ ಬರಲಿಲ್ಲ.

*

ಮಾರನೆಯ ದಿನ, ಬಿಸಿಲು ಏರಿದ ಹೊತ್ತು. ಬಿಸಿಲಿಗೆ ಅಂಗಳದ ಕೆಮ್ಮಣ್ಣು ಕಾದಿತ್ತು. ಹಿರಿಯರು ಕುರ್ಚಿಗಳಲ್ಲಿ, ಉಮುಅಡಾ ಹೆಂಗಸರು ಸಾಲಾಗಿ ನಿಂತು, ಊರವರು ಬೇಲಿಯ ಸುತ್ತ. ಅವ್ವನನ್ನು ಕೋಲಿನಿಂದ ನೂಕಿಕೊಂಡು ಬಂದು ನಡುವೆ ಮಂಡಿಯೂರಿಸಿದರು. ಹಿತ್ತಲಿಂದ ಟಕ್, ಟಕ್, ಟಕ್ ಎನ್ನುವ ಸದ್ದು ಬರುತ್ತಿತ್ತು. ಮಗ ಬಿದ್ದ ದಿನದಿಂದ ಅಜ್ಜಿ ಒಂದೇ ಸಮನೆ ಗೊರಟು ಒಡೆಯುತ್ತಿದ್ದಳು. ಅತ್ತಿರಲಿಲ್ಲ, ಯಾರೊಡನೆಯೂ ಮಾತಾಡಿರಲಿಲ್ಲ. ಮುದುಕಿಗೆ ತಲೆ ಕೆಟ್ಟಿದೆ ಎಂದು ಜನ ಬಿಟ್ಟುಬಿಟ್ಟಿದ್ದರು.

ಅತ್ತೆ ಮುಂದಿನ ಕೋಣೆಯಿಂದ ಬೋಗುಣಿ ತಂದಳು. ನನ್ನೆದುರು ಹಿಡಿದಳು.

"ತಗೋ. ನಿಮ್ಮವ್ವನ ಬಾಯಿಗೆ ಹಿಡಿ."

"ನಾನಾ?"

"ಮತ್ತಿನ್ಯಾರು? ನೀನು ಈ ಕುಲದ ಮಗಳಲ್ವಾ? ನಿಮ್ಮಪ್ಪನ ರಕ್ತ ಇದ್ರೆ ಹಿಡಿ."

ಬೋಗುಣಿ ನನ್ನ ಕೈಗೆ ಬಂತು. ನೀರು ಬೆಳ್ಳಗೆ ಕದಡಿತ್ತು. ಸೋಪಿನ ವಾಸನೆ, ಕರ್ಪೂರದ ವಾಸನೆ, ಅವುಗಳ ಕೆಳಗೆ ಇನ್ನೊಂದು ವಾಸನೆ. ಒಂದು ಕೂದಲು ತೇಲುತ್ತಿತ್ತು. ಅಪ್ಪನ ಗಡ್ಡದ ಕೂದಲು, ನರೆತದ್ದು.  ಅವ್ವ ಮುಖ ಮೇಲೆತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದಳು.

ಆಗ ಹಿತ್ತಲ ಸದ್ದು ನಿಂತಿತು.

ಅಜ್ಜಿ ಮನೆಯ ಪಕ್ಕದಿಂದ ಬಂದಳು. ಕೈಯಲ್ಲಿ ಎರಡೂ ಕಲ್ಲು. ಯಾರಿಗೂ ನಮಸ್ಕಾರ ಹೇಳಲಿಲ್ಲ. ಅವ್ವನ ಪಕ್ಕದಲ್ಲಿ, ಮಣ್ಣಿನಲ್ಲಿ, ಕಾಲು ಚಾಚಿ ಕೂತಳು. ಗೊರಟು ಒಡೆಯಲು ಕೂರುವ ಹಾಗೆಯೇ. ಟಕ್ ಟಕ್ ಎಂದು ಕಲ್ಲು ಬಡಿದಳು.

"ನನ್ನತ್ರ ಒಂದು ಕಥೆ ಐತೆ."

ಬೇಲಿಯ ಹತ್ತಿರ ಯಾರೋ ಕಿಸಕ್ಕೆಂದು ನಕ್ಕರು. ಯಾರೂ ಓಗೊಡಲಿಲ್ಲ. ನೆತ್ತಿಯ ಮೇಲೆ ಸೂರ್ಯ. ನಾನೂ ಬೋಗುಣಿ ಹಿಡಿದು ನಿಂತೇ ಇದ್ದೆ. ಅಜ್ಜಿ ಮತ್ತೆ ಕಲ್ಲು ಬಡಿದಳು.

"ನನ್ನತ್ರ ಒಂದು ಕಥೆ ಐತೆ."

"ಹೇಳವ್ವ, ನಮ್ಮೆದೆ ತಣೀಲಿ."

ಹೇಳಿದವಳು ಅತ್ತೆ ಅದಾನ್ಮಾ. ಹೇಳಬೇಕೆಂದು ಹೇಳಿದ್ದಲ್ಲ. ಹಾಲು ಕುಡಿಯುವ ಕಾಲದಿಂದ ಅದೇ ಗಂಟಲು, ಅದೇ ಕಲ್ಲಿನ ಸದ್ದು ಕೇಳಿ ಓಗೊಟ್ಟ ಬಾಯಿ. ತಾನಾಗಿ ತೆರೆದುಕೊಂಡುಬಿಟ್ಟಿತು. ಅತ್ತೆ ಗಾಬರಿಯಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯೋ ಅದಾನ್ಮಾ, ಏನ್ ಮಾಡ್ದೆ!" ಎಂದಳು ಪಕ್ಕದವಳು.

ಚಿಕ್ಕಪ್ಪ ಎದ್ದು ಬಂದ. "ಅವ್ವಾ! ತಲೆ ನೆಟ್ಟಗೈತಾ ನಿನಗೆ? ಹಗಲು ಕಥೆ ಹೇಳಿದ್ರೆ ಮಕ್ಕಳು ಸಾಯ್ತಾರೆ."

"ಒಳಗೆ ಸತ್ತು ಮಲಗವ್ನಲ್ಲಪ್ಪ. ಇನ್ನೆಷ್ಟು ಸಲ ಸಾಯ್ತಾನೆ?" ಅಜ್ಜಿ ಅವನ ಮುಖ ನೋಡಿದಳು. "ನಿನಗೇನಾದ್ರೂ ಭಯಾನಾ ಮಗಾ?"

ಅವನು ಹಿರಿಯರ ಕಡೆ ತಿರುಗಿದ. ಹಿರಿಯರು ಕೆಮ್ಮಿದರು. "ಓಗೊಟ್ಟಾಯ್ತಲ್ಲೋ ಅನೋಜಿ. ಇನ್ನು ಕತ್ತರಿಸೋ ಹಾಗಿಲ್ಲ. ಬೇಗ ಮುಗಿಸ್ತಾಳೆ ಬಿಡು."

ಅಜ್ಜಿ ಬೇಗ ಮುಗಿಸಲಿಲ್ಲ.

"ಒಂದೂರಲ್ಲಿ ಅಣ್ಣ ಆಮೆ, ತಮ್ಮ ಆಮೆ ಇದ್ರು. ಇಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದೋರು. ಹೆತ್ತೋಳಿಗೆ ಎರಡೂ ಕಣ್ಣು. ಅಣ್ಣ ಆಮೆ ಮರ ಹತ್ತೋನು. ತಮ್ಮ ಆಮೆ ಮರದ ಕೆಳಗೆ ಕೂತು ಕಳ್ಳು ಕುಡಿಯೋನು."

ಬೇಲಿಯ ಸುತ್ತ ನಗು ಎದ್ದಿತು. ಊರಿಗೆಲ್ಲ ಗೊತ್ತಿದ್ದ ಸಂಗತಿ.

"ಒಂದಿನ ತಮ್ಮ ಆಮೆ ಬಂದ. ಅಣ್ಣಾ, ನನ್ನ ಹಗ್ಗ ಕಿತ್ತೋಗೈತೆ, ನಿನ್ನದು ಕೊಡು ಅಂದ. ಅಣ್ಣ ಇಲ್ಲ ಅನ್ನೋನಲ್ಲ. ಕೊಟ್ಟ. ತಮ್ಮ ಆಮೆ ಒಂದು ಮರ ಹತ್ತಿದ, ಕಳ್ಳು ಇಳಿಸ್ದ, ಕುಡಿದ. ಹಗ್ಗಾನ ಮನೆ ಹಿಂದೆ ಮಣ್ಣಿನ ಮೇಲೆ ಎಸೆದ. ಮಳೆ ಬಂತು. ಎತ್ತಲಿಲ್ಲ. ಬಿಸಿಲು ಬಂತು. ಎತ್ತಲಿಲ್ಲ. ಗೆದ್ದಲು ಬಂತು."

ಅಜ್ಜಿಯ ಕಥೆಗಳಲ್ಲಿ ಹಾಡು ಬರುತ್ತದೆ. ಹಾಡು ಬಂದರೆ ಕೇಳುವವರು ಕೊನೆಯ ಮಾತು ಹಿಡಿಯಬೇಕು. ಕಲ್ಲು ಬಡಿಯುತ್ತಾ ಹಾಡಿದಳು.

"ಅಣ್ಣ ಕೊಟ್ಟ ಹಗ್ಗ, ಗೆದ್ದಲು ತಿಂದ ಹಗ್ಗ."

"ತಿಂದ ಹಗ್ಗ," ಎಂದರು ಬೇಲಿಯಾಚೆ ಕೆಲವು ಹೆಂಗಸರು, ಮೆಲ್ಲಗೆ. ಅವರೆಲ್ಲ ಊರಿನ ಸೊಸೆಯಂದಿರು.

"ತಂದು ಕಟ್ಟಿದ ಹಗ್ಗ, ಹೇಳದೆ ಇಟ್ಟ ಹಗ್ಗ."

"ಇಟ್ಟ ಹಗ್ಗ!" ಈ ಸಲ ಗಟ್ಟಿಯಾಗಿ.

ಚಿಕ್ಕಪ್ಪನ ಹಣೆಯಲ್ಲಿ ಬೆವರು ಮೂಡಿತ್ತು. "ಸಾಕು ನಿಲ್ಸು," ಎಂದ. ಯಾರೂ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.  ಬೋಗುಣಿ ಕೆಳಗಿಡಲು ಯಾರೂ ಹೇಳಿರಲಿಲ್ಲ. ನೀರು ತುಳುಕಿ ನನ್ನ ಕಾಲ ಮೇಲೆ ಬಿತ್ತು.

"ಅಣ್ಣ ಆಮೆ ಮರ ಹತ್ತಿದ. ಬಿದ್ದ. ಸತ್ತ." ಅಜ್ಜಿಯ ದನಿ ಅಲ್ಲಿ ಒಡೆಯಿತು. ಕಲ್ಲು ಎರಡು ಸಲ ಬಡಿದು ಮತ್ತೆ ಹಿಡಿದಳು. "ತಮ್ಮ ಆಮೆ ಏನಂದ? ಅತ್ತಿಗೆ ಹಗ್ಗ ದಾಟಿದ್ಲು ಅಂದ. ಯಾಕಂದ? ತಗಡಿನ ಮನೆ ಮೇಲೆ ಕಣ್ಣಿತ್ತು. ಆ ಅತ್ತಿಗೆಗೆ ಹೆಸರಿತ್ತು."

ಅಜ್ಜಿ ಅವ್ವನ ತಲೆಯ ಮೇಲೆ ಕೈ ಇಟ್ಟಳು. ಮುಟ್ಟಬಾರದವಳನ್ನು ಮುಟ್ಟಿದಳು.

"ಅವಳ ಹೆಸರು ಉಲೋಮಾ."

ಅಜ್ಜಿಯ ಯಾವ ಕಥೆಯಲ್ಲೂ ಅಲ್ಲಿಯವರೆಗೆ ಒಬ್ಬ ಹೆಂಗಸಿಗೂ ಹೆಸರಿರಲಿಲ್ಲ. 

"ಸುಳ್ಳು!" ಚಿಕ್ಕಪ್ಪ ಕಿರುಚಿದ. "ಮುದುಕಿ ಆಡೋ ಕಥೆ ಇದು. ಆಮೆ ಕಥೆ!"

"ಕಥೆ ಮುಗೀತು," ಎಂದಳು ಅಜ್ಜಿ. "ಇನ್ನು ಕಥೆ ಅಲ್ಲ."

ಸೊಂಟದ ಬಟ್ಟೆಯ ಮಡಿಕೆ ಬಿಚ್ಚಿದಳು. ಒಳಗಿಂದ ಹಗ್ಗದ ತುಂಡೊಂದನ್ನು ಎಳೆದು ಹಿರಿಯರ ಕಾಲ ಬಳಿ ಎಸೆದಳು. ಹೆಂಗಸು ಮುಟ್ಟಬಾರದ ಹಗ್ಗ. ಅದನ್ನು ಅಷ್ಟು ದಿನ ಮೈಗೆ ಸುತ್ತಿಕೊಂಡಿದ್ದಳು. ಹಿರಿಯರು ಕಾಲು ಹಿಂದಕ್ಕೆ ಎಳೆದುಕೊಂಡರು. ತುಂಡಾದ ತುದಿಯಲ್ಲಿ ನಾರಿನ ಒಳಗೆಲ್ಲ ಗೆದ್ದಲ ಮಣ್ಣು ಕೆಂಪಗೆ ಕಚ್ಚಿಕೊಂಡಿತ್ತು.

"ನನ್ನ ಮಗ ಬಿದ್ದ ಜಾಗದಲ್ಲಿ ಸಿಕ್ತು. ಕೊಂಡೋಗಿದ್ದು ಇವನು. ತಂದು ಮೂಲೇಲಿ ನೇತು ಹಾಕಿದ್ದು ಇವನು. ನಾನು ಅಲ್ಲೇ ಒಲೆ ಮುಂದೆ ಕೂತಿದ್ದೆ, ನೋಡಿದ್ದೀನಿ. ಗೆದ್ದಲು ಹಿಡಿದದ್ದು ನನಗೆ ಗೊತ್ತಾಗಲಿಲ್ಲ. ಇವನಿಗೆ ಗೊತ್ತಿತ್ತೋ ಇಲ್ವೋ ದೇವರಿಗೇ ಗೊತ್ತು. ಆದ್ರೆ ಬಿದ್ದ ಮೇಲೆ ಗೊತ್ತಾಗೈತೆ. ಗೊತ್ತಾಗೇ ಇವಳ ಮೇಲೆ ಹಾಕವ್ನೆ."

ಚಿಕ್ಕಪ್ಪನ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಅವ್ವಾ, ನಿನಗೆ ಉಳಿದಿರೋ ಮಗ ನಾನೊಬ್ಬನೇ. ನಾಳೆ ನೀನು ಸತ್ರೆ ಮಣ್ಣು ಮಾಡೋರ್ಯಾರು? ಯೋಚ್ನೆ ಮಾಡು."

 ನಮ್ಮಲ್ಲಿ ಮಗನ ಕೈಯಿಂದ ಮಣ್ಣಾಗದ ಹೆಂಗಸು ಬೀದಿ ನಾಯಿಗೆ ಸಮ. ಅದಕ್ಕಾಗಿಯೇ ಹೆಂಗಸರು ಎಲ್ಲವನ್ನೂ ನುಂಗುತ್ತಾರೆ. ಅಜ್ಜಿ ಎರಡೂ ಕಲ್ಲು ಕೆಳಗಿಟ್ಟಳು.

"ಯೋಚ್ನೆ ಮಾಡೇ ಗೊರಟು ಒಡೀತಾ ಕೂತಿದ್ದೆ ಇಷ್ಟು ದಿನ," ಎಂದಳು. "ಮಣ್ಣು ಮಾಡ್ದೆ ಇದ್ರೆ ಬಿಡು. ನಾಯಿ ತಿನ್ಲಿ."

ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅದಾನ್ಮಾ, ನಿಮ್ಮಪ್ಪ ಸತ್ತಾಗ ನಾನು ಕುಡಿದೆ. ನೀನು ಪುಟ್ಟವಳು, ನನ್ನ ಬಟ್ಟೆ ಹಿಡ್ಕೊಂಡು ಅಳ್ತಾ ನಿಂತಿದ್ದೆ. ಬ್ಯಾಡ ಬ್ಯಾಡ ಅಂತಿದ್ದೆ. ಮರ್ತೋಯ್ತಾ? ಅದರ ರುಚಿ ಹ್ಯಾಗಿತ್ತು ಅಂತ ಹೇಳ್ಲಾ? ಇವತ್ತಿಗೂ ಅನ್ನ ನುಂಗುವಾಗ ಬರ್ತದೆ."

ಅತ್ತೆ ತಲೆ ತಗ್ಗಿಸಿ ನಿಂತಳು.  ಅವಳು ಆಗ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಉಮುಅಡಾ ಬೇಡ ಎಂದರೆ ಹಿರಿಯರು ಬೇಕು ಎನ್ನಲಾರರು. ಆಡಲಿಲ್ಲ.

ಚಿಕ್ಕಪ್ಪ ನನ್ನ ಕೈಯಿಂದ ಬೋಗುಣಿ ಕಿತ್ತುಕೊಂಡ. ಅವ್ವನ ಕೂದಲು ಹಿಡಿದು ತಲೆ ಹಿಂದಕ್ಕೆ ಎಳೆದ. "ಹಗ್ಗದ ಮಾತು ಆಮೇಲೆ. ಮೊದಲು ಕುಡಿ ನೀನು! ಕುಡಿ!"

ಬೋಗುಣಿಯ ಅಂಚು ಅವ್ವನ ಹಲ್ಲಿಗೆ ಬಡಿಯಿತು. ಅವ್ವ ಕಣ್ಣು ತೆರೆದಳು. ಅಷ್ಟು ದಿನದಿಂದ ಮೈ ಮುಟ್ಟಿಕೊಳ್ಳದಿದ್ದ ಕೈಗಳಿಂದ ಅವನ ಮಣಿಕಟ್ಟು ಹಿಡಿದಳು. ತಾಳೆ ಹಿಂಡಿ ಹಿಂಡಿ ಬಲಿತ ಕೈ ಅದು. ಕಳ್ಳು ಕುಡಿಯುವವನ ಕೈಗೆ ಬಿಡಿಸಿಕೊಳ್ಳಲಾಗಲಿಲ್ಲ.

"ನಾನು ಕುಡಿಯಲ್ಲ," ಎಂದಳು.

ಗಂಡ ಸತ್ತ ಮೇಲೆ ಅವ್ವ ನಾಲ್ಕು ಜನರ ಮುಂದೆ ಆಡಿದ ಮೊದಲ ಮಾತು.

"ನಿನ್ನ ಮೊದಲನೇ ಹೆಂಡ್ತಿ ಹೆರಿಗೇಲಿ ಸತ್ಲಲ್ಲ ಅನೋಜಿ, ಆಗ ನೀನೇನ್ ಕುಡಿದೆ?" ಎಂದು ಕೇಳಿದಳು ಅವ್ವ.

"ಬಿಯರು!" ಎಂದು ಬೇಲಿಯಾಚೆಯಿಂದ ಒಬ್ಬ ಸೊಸೆ ಕೂಗಿದಳು. ಹೆಂಗಸರು ಹೋ ಎಂದರು.

"ನೀನು ಕುಡಿ ಮೊದಲು," ಎಂದಳು ಅವ್ವ. "ಹಗ್ಗ ತಂದೋನು ನೀನು. ತಪ್ಪಿಲ್ದೆ ಇದ್ರೆ ಭಯ ಯಾಕೆ? ಕುಡಿ."

"ಕುಡಿ," ಎಂದರು ಬೇಲಿಯಾಚೆ. ಹಾಡಿನ ಕೊನೆ ಹಿಡಿದ ಹಾಗೆ. "ಕುಡಿ! ಕುಡಿ! ಕುಡಿ!"

ಅವನು ಕುಡಿಯಲಿಲ್ಲ. ಗಂಡಸರಿಗೆ ಅಂಥ ಸಂಪ್ರದಾಯ ಇಲ್ಲವಂತೆ. ಕೈ ಸಡಿಲ ಬಿಟ್ಟ. ಬೋಗುಣಿ ಬಿತ್ತು. ಕಾದ ಕೆಮ್ಮಣ್ಣು ನೀರನ್ನೆಲ್ಲ ಒಂದು ಗಳಿಗೆಯಲ್ಲಿ ಹೀರಿತು. ಅಪ್ಪನ ಬಿಳಿ ಕೂದಲು ಮಾತ್ರ ಮೇಲೆ ಉಳಿಯಿತು.

*

ಅವ್ವ ನೀರು ಕುಡಿಯಲಿಲ್ಲ. ನಾವು ಗೆದ್ದದ್ದು ಅಷ್ಟೇ. ಮಿಕ್ಕದ್ದೆಲ್ಲ ಅವರೇ ಗೆದ್ದರು.

ಹಗ್ಗ ಹರಿದದ್ದು ದೈವೇಚ್ಛೆ ಎಂದು ಹಿರಿಯರು ತೀರ್ಮಾನ ಮಾಡಿದರು. ಚಿಕ್ಕಪ್ಪ ಅವರಿಗೊಂದು ಮೇಕೆ ಕೊಟ್ಟ. ಕುಯ್ದು ತಿಂದರು. ಉಪದೇಶಿಗಳಿಗೆ ಒಂದು ತೊಡೆ ಹೋಯಿತು. ಗಂಡು ಹೆರದವಳಿಗೆ ಮನೆ ಇಲ್ಲ ಎಂದರು. ತಗಡಿನ ಮನೆ ಚಿಕ್ಕಪ್ಪನದಾಯಿತು. ನೀರು ಕುಡಿಯದವಳ ಮಗಳನ್ನು ತರುವುದಿಲ್ಲ ಎಂದು ಲಾರಿ ಮಾಲೀಕ ಹಿಂದೆ ಸರಿದ. ಆಮೇಲೆ ಚಿಕ್ಕಪ್ಪನಿಗೆ ನಾನು ಬೇಡವಾದೆ. ಅವ್ವನ ಹತ್ತಿರ ಉಳಿದೆ. ಅದಕ್ಕೂ ಯಾರ ಕರುಣೆಯೂ ಕಾರಣವಲ್ಲ.

ಅವ್ವನ ತಲೆ ಬೋಳಿಸಿದವಳು ಅತ್ತೆ ಅದಾನ್ಮಾ. "ನೀರು ಬಿಟ್ಟಿದ್ದೀವಿ, ತಲೆ ಬಿಡಾಕಾಗಲ್ಲ, ನಾಲ್ಕು ಜನ ಏನಂತಾರೆ," ಎಂದಳು. ಒಣ ತಲೆಗೆ ಬ್ಲೇಡು ಹಾಕಿದಳು. ಕಿವಿಯ ಹಿಂದೆ ಕುಯ್ದು ರಕ್ತ ಬಂತು. ಆ ಗುರುತು ಅವ್ವನಿಗೆ ಕೊನೆಯವರೆಗೂ ಇತ್ತು.

ನಾವು ಸಂತೆಯ ಅಂಚಿನಲ್ಲಿ ತಾಳೆ ಗರಿ ಹೊದಿಸಿದ ಗುಡಿಸಲು ಹಾಕಿಕೊಂಡೆವು. ಅಜ್ಜಿ ಎರಡು ಕಲ್ಲು ಹಿಡಿದುಕೊಂಡು ನಮ್ಮ ಹಿಂದೆಯೇ ಬಂದಳು. ಮಗನ ಮನೆ ಬಿಟ್ಟು ಸೊಸೆಯ ಹಿಂದೆ ಹೋದ ಮುದುಕಿ ಎಂದು ಊರು ಆಡಿಕೊಂಡಿತು. ಅಲ್ಲಿ ಅವಳು ಹಗಲಲ್ಲೇ ಕಥೆ ಹೇಳತೊಡಗಿದಳು. ಸಂತೆಗೆ ಬಂದ ಹೆಂಗಸರು ಬುಟ್ಟಿ ಇಳಿಸಿ ಕೂರುತ್ತಿದ್ದರು, ಗೊರಟು ಒಡೆಯುತ್ತಾ ಕೇಳುತ್ತಿದ್ದರು. ಈಗ ಆಮೆಯ ಹೆಂಡತಿಗೂ ಹೆಸರು, ಹುಲಿಯ ಹೆಂಡತಿಗೂ ಹೆಸರು. ಎಲ್ಲ ನಮ್ಮ ಅಕ್ಕಪಕ್ಕದ ಹೆಸರುಗಳೇ. ಮಕ್ಕಳು ಸಾಯುವುದಿಲ್ಲವಾ ಎಂದು ಯಾರಾದರೂ ಕೇಳಿದರೆ, "ರಾತ್ರಿ ಹೇಳಿದಾಗ ಉಳಿದ್ರಾ?" ಎನ್ನುತ್ತಿದ್ದಳು.

ಆದರೆ ಕೆಲವು ಸಂಜೆ ಕಲ್ಲು ಹಿಡಿದು ಸುಮ್ಮನೆ ಕೂತಿರುತ್ತಿದ್ದಳು. "ಎರಡೂ ಕಣ್ಣು ಕಳ್ಕೊಂಡೆ ಕಣೇ," ಎನ್ನುತ್ತಿದ್ದಳು. 

ಮರುಭೂಮಿಯ ಕಡೆಯಿಂದ ದೂಳು ಹೊತ್ತು ಬರುವ ಹರ್ಮಟಾನ್ ಗಾಳಿ ಬೀಸುವ ಒಂದು ಬೆಳಗ್ಗೆ ಅಜ್ಜಿ ಕೂತಲ್ಲೇ ಸತ್ತಳು. ಮಡಿಲಲ್ಲಿ ಒಡೆಯದ ಗೊರಟು ಇದ್ದವು. ಚಿಕ್ಕಪ್ಪನಿಗೆ ಹೇಳಿ ಕಳಿಸಿದೆವು. "ನನಗೆ ತಾಯಿ ಇಲ್ಲ," ಎಂದು ಹೇಳಿ ಕಳಿಸಿದ. ಗುಂಡಿ ತೋಡುವ ಹುಡುಗರಿಗೆ ಹೋಗಬೇಡಿ ಎಂದು ಹಿರಿಯರ ಅಪ್ಪಣೆಯಾಯಿತು. ನಮ್ಮಲ್ಲಿ ಹೆಂಗಸರು ಗುಂಡಿ ತೋಡಿದ್ದು ಅದೇ ಮೊದಲು. ಗುಡಿಸಲ ಹಿಂದೆ ಅವ್ವ ಗುದ್ದಲಿ ಹಿಡಿದಳು. ನಾನು ಮಂಕರಿ ಹಿಡಿದೆ. ಒಣಗಿದ ನೆಲ. ಒಂದೊಂದು ಏಟಿಗೂ ಭುಜ ಅದುರುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗುದ್ದಲಿಯ ಹಿಡಿ ಜಾರುತ್ತಿತ್ತು. ಸೊಸೆಯಂದಿರು ಒಬ್ಬೊಬ್ಬರಾಗಿ ಬಂದು ದೂರದಲ್ಲಿ ನಿಂತರು. ಗಂಡಂದಿರ ಭಯಕ್ಕೆ ಯಾರೂ ಹತ್ತಿರ ಬರಲಿಲ್ಲ.

ಮಧ್ಯಾಹ್ನ ಅತ್ತೆ ಬಂದಳು. ಒಬ್ಬಳೇ. ಕಂಕುಳಲ್ಲಿ ನಾವು ತಗಡಿನ ಮನೆಯಲ್ಲೇ ಬಿಟ್ಟುಬಂದಿದ್ದ ಆ ಬೋಗುಣಿ. ಮಣ್ಣು ಹೊರಲು ತಂದಿದ್ದಳೋ, ನಮಗೆ ಕೊಟ್ಟು ಹೋಗಲು ತಂದಿದ್ದಳೋ, ನಾನು ಕೇಳಲಿಲ್ಲ. ಗುಂಡಿಯ ಅಂಚಿಗೆ ಬಂದು ಚಾಪೆಯಲ್ಲಿ ಸುತ್ತಿಟ್ಟಿದ್ದ ತಾಯಿಯನ್ನು ನೋಡಿದಳು. ಬೋಗುಣಿ ಕೆಳಗಿಟ್ಟಳು. ಅಜ್ಜಿಯ ಎರಡು ಕಲ್ಲುಗಳು ಅಲ್ಲೇ ಇದ್ದವು. ಎತ್ತಿಕೊಂಡಳು. ಟಕ್ ಟಕ್.

"ನನ್ನತ್ರ ಒಂದು ಕಥೆ ಐತೆ," ಎಂದಳು.

ಅವಳ ಗಂಟಲು ಥೇಟ್ ಅಜ್ಜಿಯ ಗಂಟಲೇ. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಅವ್ವ ಗುಂಡಿಯೊಳಗಿಂದ ನನ್ನನ್ನು ನೋಡಿದಳು. ನಾನು ಬಾಯಿ ಮುಚ್ಚಿದೆ.

"ನನ್ನತ್ರ ಒಂದು ಕಥೆ ಐತೆ ಉಲೋಮಾ," ಅತ್ತೆ ಮತ್ತೆ ಕಲ್ಲು ಬಡಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. "ಒಂದೂರಲ್ಲಿ ಒಬ್ಳು ಅಕ್ಕ, ಒಬ್ಳು ತಮ್ಮನ ಹೆಂಡ್ತಿ..."

ಓಗೊಡದ ಕಥೆ ಹೇಳುವಂತಿಲ್ಲ. ಅದು ಅವಳಿಗೂ ಗೊತ್ತಿತ್ತು. ಅಲ್ಲಿಗೇ ನಿಂತಳು. ದೂರದಲ್ಲಿದ್ದ ಸೊಸೆಯಂದಿರು ನೋಡುತ್ತಿದ್ದರು. ಯಾರೂ ಓಗೊಡಲಿಲ್ಲ. ಅವ್ವ ಗುದ್ದಲಿ ಊರಿ, ಬೋಳಿಸಿದ ಮೇಲೆ ಮೊದಲಿನಂತೆ ಬೆಳೆಯದ ತನ್ನ ಕೂದಲಿನ ಬೆವರು ಒರೆಸಿಕೊಂಡಳು. ಬೋಗುಣಿಯನ್ನು ಎಳೆದುಕೊಂಡು, ಅದರ ತುಂಬ ಕೆಮ್ಮಣ್ಣು ತುಂಬಿ, ಎರಡೂ ಕೈಯಿಂದ ಮೇಲಕ್ಕೆ, ಅತ್ತೆಯ ಬಾಯಿಯ ಮಟ್ಟಕ್ಕೆ ಎತ್ತಿ ಹಿಡಿದಳು.

"ಕಥೆ ಬ್ಯಾಡ," ಎಂದಳು. "ಮಣ್ಣು ಹೊರು."

ಅತ್ತೆ ಕಲ್ಲು ಕೆಳಗಿಟ್ಟು ಬೋಗುಣಿ ಈಸಿಕೊಂಡಳು.